ಗೇಟಿನ ತನಕ ಹೋಗಿ ವಾಪಸ್ ಬರುವವರಿಗೆ: ಕುಡಿತ ಬಿಡುವವರ ಮೀಟಿಂಗ್ ಹುಡುಕಿ, ಹೋಗಿ, ಕೂರುವ ಸಮಗ್ರ ಮಾರ್ಗದರ್ಶಿ

"ಅಡ್ರೆಸ್ ಸಿಕ್ತು, ಹೋದೆ, ಬೋರ್ಡ್ ಕಾಣಲಿಲ್ಲ, ವಾಪಸ್ ಬಂದೆ." ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ನಾನೂ ಎರಡು ಸಲ ಹಾಗೇ ವಾಪಸ್ ಬಂದವನು. ಎರಡನೇ ಸಲ ಬರುವ ದಾರಿಯಲ್ಲಿ ಒಂದು ಬಾರ್ ಸಿಕ್ಕಿತು. ಅದರ ಬೋರ್ಡ್ ಮಾತ್ರ ಚೆನ್ನಾಗಿ ಕಾಣುತ್ತಿತ್ತು.

ಬಿಡಬೇಕು ಎಂದು ಮನಸ್ಸು ಮಾಡಿದವರು ಸೋಲುವ ಜಾಗಗಳು ಹೆಚ್ಚೇನೂ ಇಲ್ಲ. ಡಾಕ್ಟರನ್ನು ನೋಡದೆ ಏಕಾಏಕಿ ನಿಲ್ಲಿಸಿ ಫಿಟ್ಸ್ ಬಂದು ಬೀಳುತ್ತಾರೆ. ಇಲ್ಲವೇ ಗೇಟಿನಿಂದ ತಿರುಗುತ್ತಾರೆ. ಅದೂ ಇಲ್ಲದಿದ್ದರೆ ಒಂದೇ ಮೀಟಿಂಗ್ ನೋಡಿ "ಇದು ನನಗಲ್ಲ" ಎಂದು ಎದ್ದು ಬರುತ್ತಾರೆ. ಹಾಗಾಗಿ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಮೊದಲನೆಯದನ್ನಂತೂ ಹಾರಿಸಬೇಡಿ.

ಹೊರಡುವ ಮುಂಚೆ ಬೇಕಾದ್ದು

ಒಂದು ಫೋನ್, ಒಂದು ಚಿಕ್ಕ ನೋಟ್‌ಬುಕ್, ಬಸ್ ಚಾರ್ಜು, ಸಂಜೆ ಒಂದೂವರೆ ಎರಡು ಗಂಟೆ ಬಿಡುವು. ಅಷ್ಟೇ. ಫೀಸು ಇಲ್ಲ, ಅರ್ಜಿ ಇಲ್ಲ, ಆಧಾರ್ ಕಾರ್ಡ್ ಬೇಡ.

ನೋಟ್‌ಬುಕ್ ಯಾಕೆ ಅಂದರೆ, ಕುಡಿಯುವವರ ಕೈಯಲ್ಲಿ ಫೋನ್ ಉಳಿಯುವುದಿಲ್ಲ. ಎರಡು ವರ್ಷದಲ್ಲಿ ನಾನು ಕಳೆದುಕೊಂಡದ್ದು ನಾಲ್ಕು. ಪ್ರತಿ ಸಲವೂ ಮೀಟಿಂಗಿನವರ ನಂಬರು ಅದರ ಜೊತೆಗೇ ಹೋಗುತ್ತಿತ್ತು. ಕಾಗದದ ಮೇಲೆ ಬರೆದದ್ದು ಶರ್ಟಿನ ಜೇಬಿನಲ್ಲಾದರೂ ಇರುತ್ತದೆ.

ಹಂತ 1: ಮೊದಲು ದೇಹ, ಆಮೇಲೆ ಮೀಟಿಂಗ್

ವಾರಕ್ಕೊಮ್ಮೆ ಕುಡಿಯುವವರಿಗೆ ಈ ಹಂತ ಅಷ್ಟಾಗಿ ಬೇಕಾಗದೇ ಇರಬಹುದು. ದಿನಾ ಕುಡಿಯುವವರು, ಬೆಳಿಗ್ಗೆ ಎದ್ದ ತಕ್ಷಣ ಕೈ ನಡುಗಿ, ಒಂದು ನೈಂಟಿ ಹಾಕಿದ ಮೇಲಷ್ಟೇ ನಡುಕ ನಿಲ್ಲುವವರು ಮಾತ್ರ ಏಕಾಏಕಿ ನಿಲ್ಲಿಸಬಾರದು. ಇದು ಮನಸ್ಸಿನ ಗಟ್ಟಿತನದ ಪ್ರಶ್ನೆಯೇ ಅಲ್ಲ. ಮದ್ಯ ವರ್ಷಗಟ್ಟಲೆ ಮೆದುಳನ್ನು ಮಂಕು ಮಾಡುತ್ತಾ ಬಂದಿರುತ್ತದೆ. ಅದನ್ನು ಸರಿದೂಗಿಸಲು ಮೆದುಳು ತನ್ನ ಓಟ ಜಾಸ್ತಿ ಮಾಡಿಕೊಂಡಿರುತ್ತದೆ. ಮದ್ಯ ತಟ್ಟನೆ ನಿಂತರೆ ಆ ಓಟಕ್ಕೆ ಬ್ರೇಕೇ ಇರುವುದಿಲ್ಲ.

ಕೊನೆಯ ಪೆಗ್ ಆಗಿ ಸುಮಾರು 6 ಗಂಟೆಯ ಮೇಲೆ ನಡುಕ, ಬೆವರು, ವಾಕರಿಕೆ, ಎದೆ ಡವಡವ ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಕೇಳುತ್ತದೆ. ಗೋಡೆ ಮೇಲೆ ಇರುವೆ ಸಾಲು ಹೊರಟಿದೆ ಎನ್ನುತ್ತಾರೆ. ಮನೆಯವರ ಗುರುತು ಸಿಗುವುದಿಲ್ಲ. ಇದಕ್ಕೆ ಡಾಕ್ಟರುಗಳು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು.

ಈ ಹೊತ್ತಿನಲ್ಲಿ ಮನೆಯವರು ಮಾಡುವ ಎರಡು ತಪ್ಪು ನೋಡಿದ್ದೇನೆ. ಒಂದು, ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಹೊರಡುವುದು. ಇನ್ನೊಂದು, ಮರ್ಯಾದೆಗೆ ಅಂಜಿ ಕುಡಿತದ ವಿಷಯ ಮುಚ್ಚಿಟ್ಟು "ಸುಸ್ತು ಡಾಕ್ಟ್ರೇ, ಒಂದು ಗ್ಲೂಕೋಸ್ ಹಾಕಿ" ಎನ್ನುವುದು. ಬಹಳ ಕಾಲ ಕುಡಿದವರ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳುವ ಅಪಾಯವಿದೆ. ಕುಡಿತದ ವಿಷಯ ಗೊತ್ತಿರುವ ಡಾಕ್ಟರು ಇದನ್ನು ತಾವೇ ನೋಡಿಕೊಳ್ಳುತ್ತಾರೆ. ಗೊತ್ತಿಲ್ಲದಿದ್ದರೆ ಹೇಗೆ ನೋಡಿಕೊಂಡಾರು?

ಎಲ್ಲಿಗೆ ಹೋಗುವುದು? ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ. ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ, ಅಲ್ಲಿಗೂ ಹೋಗಬಹುದು. ಬೆಂಗಳೂರಿನಲ್ಲಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಬೇರೆ ವಿಭಾಗವಿದೆ. ಯಾವುದೂ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ಫೋನ್ ಮಾಡಿ, ನಂಬರ್ 14416. ದಿನದ 24 ಗಂಟೆಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಫಿಟ್ಸ್ ಬಂದರೆ ಅಥವಾ ದಿಕ್ಕು ತಪ್ಪಿ ಮಾತಾಡುತ್ತಿದ್ದರೆ ಮಾತ್ರ ಅದನ್ನೆಲ್ಲ ಬಿಟ್ಟು ನೇರ 108.

ಡಾಕ್ಟರಿಗೆ ನಾಲ್ಕು ವಿಷಯ ಸುಳ್ಳಿಲ್ಲದೆ ಹೇಳಿ. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಕುಡಿದದ್ದು ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ. "ಎಷ್ಟು" ಎನ್ನುವ ಕಡೆ ನಾವೆಲ್ಲ ಅರ್ಧ ಹೇಳುವವರೇ. ಕ್ವಾರ್ಟರ್ ಲೆಕ್ಕದಲ್ಲಿ ಹೇಳಿ, ಅವರಿಗೂ ಅರ್ಥವಾಗುತ್ತದೆ. ಎಲ್ಲರೂ ಅಡ್ಮಿಟ್ ಆಗಬೇಕೆಂದಿಲ್ಲ. ಎಷ್ಟೋ ಜನರಿಗೆ ಮನೆಯಲ್ಲೇ ಕೆಲವು ದಿನದ ಮಾತ್ರೆ ಸಾಕಾಗುತ್ತದೆ. ಅದನ್ನು ತೀರ್ಮಾನಿಸುವವರು ಅವರು. ನೀವಲ್ಲ, ಮೆಡಿಕಲ್ ಶಾಪಿನವನೂ ಅಲ್ಲ.

ಹಂತ 2: ಯಾವ ಗುಂಪು ಎಂದು ತಿಳಿದುಕೊಳ್ಳಿ

ನಮ್ಮ ಕಡೆ ಮುಖ್ಯವಾಗಿ ಸಿಗುವುದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎ.ಎ. ಕುಡಿತ ಬಿಟ್ಟವರು, ಬಿಡಬೇಕೆಂದಿರುವವರು ಸೇರಿ ತಾವೇ ನಡೆಸುವ ಗುಂಪು. ಡಾಕ್ಟರು, ಕೌನ್ಸೆಲರ್ ಇರುವುದಿಲ್ಲ. ಸೇರಲು ಇರುವ ಒಂದೇ ಷರತ್ತು, ಕುಡಿತ ಬಿಡಬೇಕು ಎಂಬ ಆಸೆ. ಬಿಟ್ಟಿರಬೇಕು ಎಂದೇನೂ ಇಲ್ಲ, ಆಸೆ ಸಾಕು.

ಎರಡನೆಯದು ನವಜೀವನ ಸಮಿತಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರಲ್ಲ, ಅಲ್ಲಿಂದ ಹೊರಬಂದವರು ಮತ್ತೆ ಮತ್ತೆ ಸೇರುವ ಗುಂಪು ಇದು. ಹಳ್ಳಿ ಕಡೆ ಎ.ಎ.ಗಿಂತ ಇದೇ ಹತ್ತಿರವಿರುವ ಸಾಧ್ಯತೆ ಜಾಸ್ತಿ. ಇಲ್ಲಿ ಭಜನೆ, ಮನೆಯವರ ಜೊತೆ, ಊರ ಹಿರಿಯರ ಜೊತೆ ಎಲ್ಲ ಇರುತ್ತದೆ. ಗುಟ್ಟು ಕಮ್ಮಿ. ಹೆಸರು ಯಾರಿಗೂ ತಿಳಿಯಬಾರದು ಎನ್ನುವವರಿಗೆ ಎ.ಎ. ಒಗ್ಗುತ್ತದೆ. ಊರೇ ಬೆನ್ನಿಗೆ ನಿಂತರೆ ಧೈರ್ಯ ಎನ್ನುವವರಿಗೆ ನವಜೀವನ ಸಮಿತಿ.

ಮೂರನೆಯದು ಆಸ್ಪತ್ರೆಗಳಲ್ಲಿ ನಡೆಯುವ ಗುಂಪು ಚರ್ಚೆ. ಚಿಕಿತ್ಸೆಯಲ್ಲಿರುವವರಿಗೆ ಇದು ಸುಲಭದ ಬಾಗಿಲು.

ಒಂದನ್ನು ಆರಿಸಿ ಇನ್ನೊಂದನ್ನು ಬಿಡಬೇಕೆಂದೇನೂ ಇಲ್ಲ. ನಮ್ಮ ಗುಂಪಿನಲ್ಲಿ ಶಿಬಿರ ಮುಗಿಸಿ ಬಂದವರಿದ್ದಾರೆ, ಮನೋವೈದ್ಯರ ಮಾತ್ರೆ ನುಂಗುತ್ತಲೇ ಬರುವವರೂ ಇದ್ದಾರೆ.

ಹಂತ 3: ಅಡ್ರೆಸ್ ಹುಡುಕಿ

ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ಫೋನಿನಲ್ಲಿ "ಡಿ ಅಡಿಕ್ಷನ್ ಸೆಂಟರ್" ಎಂದು ಹುಡುಕಿದರೆ ಮೊದಲು ಕಾಣುವುದು ಜಾಹೀರಾತು ಕೊಟ್ಟ ಖಾಸಗಿ ಕೇಂದ್ರಗಳು. ತಿಂಗಳಿಗೆ ಇಷ್ಟು ಸಾವಿರ ಎನ್ನುತ್ತಾರೆ. ಹತ್ತು ನಿಮಿಷಕ್ಕೆ ವಾಪಸ್ ಫೋನ್ ಮಾಡುತ್ತಾರೆ. "ಗಾಡಿ ಕಳಿಸ್ತೀವಿ, ನೀವು ಒಪ್ಪಿಗೆ ಕೊಟ್ರೆ ಸಾಕು" ಎನ್ನುತ್ತಾರೆ. ನಿಮಗೆ ಬೇಕಾದ್ದು ಅದಲ್ಲ. "ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗ್" ಎಂದು ಬರೆದು, ಪಕ್ಕದಲ್ಲಿ ನಿಮ್ಮ ಊರಿನ ಹೆಸರು ಹಾಕಿ ಹುಡುಕಿ.

ಎ.ಎ. ಇಂಡಿಯಾದ ಅಧಿಕೃತ ವೆಬ್‌ಸೈಟಿನಲ್ಲಿ ಸಹಾಯವಾಣಿ ನಂಬರೂ ಊರುವಾರು ಮೀಟಿಂಗ್ ಮಾಹಿತಿಯೂ ಸಿಗುತ್ತದೆ. ಅಲ್ಲಿ ಕಂಡದ್ದನ್ನೇ ನಂಬಿ ಹೊರಡಬೇಡಿ. ಮೀಟಿಂಗ್ ನಡೆಯುವುದು ಸಾಮಾನ್ಯವಾಗಿ ಶಾಲೆಯ ಕೋಣೆ, ಚರ್ಚಿನ ಹಾಲ್, ಆಸ್ಪತ್ರೆಯ ಒಂದು ಮೂಲೆ, ಇಂಥ ಕಡೆ. ಪರೀಕ್ಷೆ ಬಂದರೆ, ಹಬ್ಬ ಬಂದರೆ ಕೋಣೆ ಸಿಗುವುದಿಲ್ಲ. ದಿನ, ಹೊತ್ತು ಬದಲಾಗಿರುತ್ತದೆ. ಪಟ್ಟಿಯಲ್ಲಿ ಹಳೆಯದೇ ಉಳಿದಿರುತ್ತದೆ.

ವೆಬ್‌ಸೈಟ್ ತಡಕಾಡುವುದು ಬೇಜಾರಾದರೆ ಫೋನ್ ಇದೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಮಾಡಿ, "ನನ್ನ ಜಿಲ್ಲೆಯಲ್ಲಿ ಏನಿದೆ" ಎಂದು ಕೇಳಿ. ನನಗೆ ಕೇಳಿದರೆ ಅದಕ್ಕಿಂತ ಒಳ್ಳೆಯ ದಾರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿರುವ ಸಮಾಜ ಕಾರ್ಯಕರ್ತರು. ಯಾವ ಮೀಟಿಂಗ್ ಜೀವಂತವಾಗಿದೆ, ಯಾವುದು ಹೆಸರಿಗಷ್ಟೇ ಇದೆ ಎಂದು ಅವರಿಗೆ ಗೊತ್ತಿರುತ್ತದೆ. ನವಜೀವನ ಸಮಿತಿಗಾದರೆ ನಿಮ್ಮ ತಾಲ್ಲೂಕಿನ ಗ್ರಾಮಾಭಿವೃದ್ಧಿ ಯೋಜನೆ ಕಚೇರಿಯಲ್ಲಿ ಕೇಳಿ. ನಿಮ್ಮ ಓಣಿಯ ಸ್ವಸಹಾಯ ಸಂಘದ ಹೆಂಗಸರಿಗೇ ಆ ಕಚೇರಿ ಗೊತ್ತಿರುತ್ತದೆ.

ಒಂದು ಅಡ್ರೆಸ್ ಸಾಲದು. ಮೂರಾದರೂ ಬರೆದಿಟ್ಟುಕೊಳ್ಳಿ, ಬೇರೆ ಬೇರೆ ದಿನದ್ದು. ಒಂದೇ ಇದ್ದು, ಅವತ್ತು ಬೀಗ ಹಾಕಿದ್ದರೆ ನಿಮ್ಮ ತಲೆ ಏನು ಹೇಳುತ್ತದೆ ಗೊತ್ತಲ್ವಾ? "ನೋಡು, ನಾನು ಪ್ರಯತ್ನ ಮಾಡಿದೆ."

ಹಂತ 4: ಹೋಗುವ ಮುಂಚೆ ಫೋನ್ ಮಾಡಿ

ಈ ಫೋನಿಗೆ ಹೆದರುವವರು ಬಹಳ. ಎತ್ತುವವರು ಆಫೀಸಿನವರಲ್ಲ, ಅವರೂ ಕುಡಿದು ಬಿಟ್ಟವರೇ. ಮಾತು ಹೆಚ್ಚುಕಮ್ಮಿ ಹೀಗಿರುತ್ತದೆ:

"ಹಲೋ, ಎ.ಎ. ಮೀಟಿಂಗ್ ಬಗ್ಗೆ ಕೇಳೋಣ ಅಂತ ಮಾಡ್ದೆ."

"ಹೇಳಿ ಸಾರ್. ನಿಮಗಾ, ಮನೆಯವರಿಗಾ?"

"ನನಗೇ."

"ಒಳ್ಳೇದು. ಇವತ್ತು ಕುಡಿದಿದ್ದೀರಾ?"

ಈ ಪ್ರಶ್ನೆ ಕೇಳಿ ನಾನು ಫೋನ್ ಇಟ್ಟುಬಿಟ್ಟಿದ್ದೆ, ಬೈಯುತ್ತಾರೆ ಅಂತ. ಅವರು ಕೇಳುವುದು ಬೈಯುವುದಕ್ಕಲ್ಲ. ನಿಮ್ಮನ್ನು ಮೊದಲು ಡಾಕ್ಟರ ಹತ್ತಿರ ಕಳಿಸಬೇಕಾ, ನೇರ ಮೀಟಿಂಗಿಗೆ ಕರೆಯಬಹುದಾ ಎಂದು ತಿಳಿಯುವುದಕ್ಕೆ. "ಹೌದು, ಬೆಳಿಗ್ಗೆ ಒಂಚೂರು" ಎಂದು ಇದ್ದದ್ದು ಹೇಳಿ.

ಆಮೇಲೆ ನೀವು ಕೇಳಬೇಕಾದ್ದು ಇಷ್ಟು. ಈ ವಾರ ಮೀಟಿಂಗ್ ಖಂಡಿತ ಇದೆಯಾ? ಓಪನ್ ಮೀಟಿಂಗಾ, ಕ್ಲೋಸ್ಡಾ? (ಓಪನ್ ಆದರೆ ಹೆಂಡತಿ, ಅಣ್ಣ, ಸ್ನೇಹಿತ ಯಾರಾದರೂ ಜೊತೆಗೆ ಬರಬಹುದು. ಕ್ಲೋಸ್ಡ್ ಆದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ.) ಯಾವ ಭಾಷೆಯಲ್ಲಿ ನಡೆಯುತ್ತದೆ? ಬೆಂಗಳೂರಿನಲ್ಲಿ ಇಂಗ್ಲಿಷ್, ತಮಿಳು ಮೀಟಿಂಗುಗಳೂ ಇವೆ. ಗೊತ್ತಿಲ್ಲದೆ ಹೋಗಿ ಒಂದೂ ಪದ ತಿಳಿಯದೆ ಎದ್ದು ಬಂದವರಿದ್ದಾರೆ. ಕಟ್ಟಡದಲ್ಲಿ ಯಾವ ಬಾಗಿಲು, ಎಷ್ಟನೇ ಮಹಡಿ? ಕೊನೆಗೆ, ಇದು ಮುಖ್ಯ: "ಗೇಟಿನ ಹತ್ತಿರ ಯಾರಾದರೂ ಬರ್ತೀರಾ?" ಕೇಳಿದರೆ ಬರುತ್ತಾರೆ. ನಾಚಿಕೆ ಬೇಡ.

ಹೆಂಗಸರು ಫೋನ್ ಮಾಡಿದಾಗ "ಮಹಿಳಾ ಸದಸ್ಯರ ಜೊತೆ ಮಾತಾಡಬಹುದಾ" ಎಂದು ಕೇಳಿ. ನಮ್ಮ ಕಡೆ ಹೆಚ್ಚಿನ ಕೋಣೆಗಳಲ್ಲಿ ಗಂಡಸರೇ ತುಂಬಿರುತ್ತಾರೆ. ಮೊದಲ ಸಲ ಓಪನ್ ಮೀಟಿಂಗಿಗೆ ನಂಬಿಕೆಯವರೊಬ್ಬರ ಜೊತೆ ಹೋಗುವುದು ಒಳ್ಳೆಯದು.

ಹಂತ 5: ಗೇಟು

ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೊರಡಿ. ಹಸಿವನ್ನೂ ಕುಡಿಯುವ ಆಸೆಯನ್ನೂ ನಮ್ಮ ದೇಹ ಬೇರೆ ಮಾಡಿ ನೋಡುವುದನ್ನು ಎಂದೋ ಮರೆತಿರುತ್ತದೆ. ಎರಡು ಇಡ್ಲಿ ತಿಂದರೆ ಅರ್ಧ ಆಸೆ ಇಳಿಯುತ್ತದೆ.

ದಾರಿ ಮೊದಲೇ ತೀರ್ಮಾನಿಸಿ. ನಿಮ್ಮ ಖಾಯಂ ಬಾರ್ ಮುಂದೆ ಹೋಗುವ ಬಸ್ಸು ಬೇಡ, ಸುತ್ತಾದರೂ ಪರವಾಗಿಲ್ಲ. ಸಂಬಳದ ದಿನ ಮೊದಲ ಮೀಟಿಂಗ್ ಇಟ್ಟುಕೊಳ್ಳಬೇಡಿ. ಯುಗಾದಿ ಮಾರನೇ ದಿನದ ವರ್ಷತೊಡಕೂ ಬೇಡ.

ಹದಿನೈದು ನಿಮಿಷ ಮುಂಚೆ ತಲುಪಿ. ತಡವಾಗಿ ಹೋದರೆ ಎಲ್ಲರೂ ಕೂತ ಮೇಲೆ ಬಾಗಿಲು ತಳ್ಳಬೇಕು. ಆ ಬಾಗಿಲು ತಳ್ಳುವುದಕ್ಕೆ ಆಗದೆ ವಾಪಸ್ ಬಂದವರೇ ಜಾಸ್ತಿ. ದೊಡ್ಡ ಬೋರ್ಡ್ ಹುಡುಕಬೇಡಿ. ಹೆಸರು ಹೊರಗೆ ಬರಬಾರದು ಎನ್ನುವವರ ಗುಂಪು ಅದು, ಬೋರ್ಡ್ ಹಾಕುವುದು ಕಮ್ಮಿ. ಕೆಲವು ಕಡೆ ವೃತ್ತದೊಳಗೆ ತ್ರಿಕೋನ ಇರುವ ಚಿಕ್ಕ ಫಲಕ ಇರುತ್ತದೆ, ಅಷ್ಟೇ. ವಾಚ್‌ಮನ್‌ಗೆ "ಸಂಜೆ ಮೀಟಿಂಗ್ ನಡೆಯುತ್ತಲ್ಲ, ಅದೆಲ್ಲಿ" ಎಂದರೆ ಸಾಕು, ಕೈ ತೋರಿಸುತ್ತಾನೆ. ದಿನಾ ತೋರಿಸಿ ಅವನಿಗೆ ರೂಢಿ.

ಗುರುತಿನವರು ಯಾರಾದರೂ ಕಂಡರೆ? ಒಳಗೆ ಕಂಡರೆ ಅವರೂ ಅದಕ್ಕೇ ಬಂದಿರುತ್ತಾರೆ. ಹೊರಗೆ ಕಂಡರೆ, ನೀವು ಶಾಲೆಯ ಗೇಟಿನಲ್ಲಿ ನಿಂತಿದ್ದೀರಿ. ಬಾರಿನ ಗೇಟಿನಲ್ಲಿ ನಿಂತಾಗ ಇಷ್ಟು ಯೋಚಿಸಿದ್ದೆವಾ?

ಅವತ್ತು ಕುಡಿದುಬಿಟ್ಟಿದ್ದರೆ? ಆದರೂ ಹೋಗಿ. ಗಲಾಟೆ ಮಾಡದೆ ಹಿಂದಿನ ಕುರ್ಚಿಯಲ್ಲಿ ಕೂತರೆ ಸಾಮಾನ್ಯವಾಗಿ ಯಾರೂ ಹೊರಗೆ ಹಾಕುವುದಿಲ್ಲ. ಮಾತಾಡದೆ ಕೇಳಿ ಎನ್ನುತ್ತಾರೆ. ಗಾಡಿ ಮಾತ್ರ ಓಡಿಸಬೇಡಿ, ಆಟೋ ಹಿಡಿಯಿರಿ. ಜೇಬಿನಲ್ಲಿ ಬಾಟಲಿ, ಟೆಟ್ರಾ ಪ್ಯಾಕ್ ಇಟ್ಟುಕೊಂಡು ಹೋಗಬೇಡಿ.

ಹಂತ 6: ಒಳಗೆ

ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೇಜು, ಅದರ ಮೇಲೆ ಒಂದಷ್ಟು ಪುಸ್ತಕ, ಮೂಲೆಯಲ್ಲಿ ಟೀ ಫ್ಲಾಸ್ಕು. ಶಾಲೆಯ ಕೋಣೆಯಾದರೆ ಹಿಂದೆ ಕಪ್ಪು ಹಲಗೆಯ ಮೇಲೆ ಮಕ್ಕಳ ಮಗ್ಗಿ ಇನ್ನೂ ಅಳಿಸಿರುವುದಿಲ್ಲ.

ನನಗೆ ಮೊದಲ ದಿನದ್ದು ನೆನಪಿರುವುದು ಆ ಟೀ ಮಾತ್ರ. ಲೋಟ ಕೈಗೆ ಕೊಟ್ಟರು. ನನ್ನ ಕೈ ಆಡುತ್ತಿತ್ತು, ಎರಡೂ ಕೈಯಲ್ಲಿ ಹಿಡಿದರೂ ಚೆಲ್ಲಿ ಪ್ಯಾಂಟಿನ ಮೇಲೆ ಬಿತ್ತು. ಪಕ್ಕದವರು ಏನೂ ಹೇಳದೆ ಲೋಟ ತೆಗೆದುಕೊಂಡು, ಅರ್ಧ ತಮ್ಮ ಲೋಟಕ್ಕೆ ಬಗ್ಗಿಸಿಕೊಂಡು, ಉಳಿದ ಅರ್ಧ ವಾಪಸ್ ಕೊಟ್ಟರು. ಅರ್ಧ ಲೋಟ ಚೆಲ್ಲುವುದಿಲ್ಲ. ಇದು ಅವರಿಗೆ ಹೇಗೆ ಗೊತ್ತು ಎಂದು ಮೀಟಿಂಗ್ ಪೂರ್ತಿ ಅದನ್ನೇ ಯೋಚಿಸುತ್ತಿದ್ದೆ.

ಒಂದರಿಂದ ಒಂದೂವರೆ ಗಂಟೆ ನಡೆಯುತ್ತದೆ. ಮೊದಲು ಒಂದು ನಿಮಿಷ ಮೌನ ಅಥವಾ ಚಿಕ್ಕ ಪ್ರಾರ್ಥನೆ. ಎ.ಎ. ಅಂದರೇನು ಎಂದು ಒಂದು ಪುಟ ಓದುತ್ತಾರೆ, ಕುಡಿತ ಬಿಟ್ಟು ಬದುಕಲು ಎ.ಎ. ಹಾಕಿಕೊಟ್ಟಿರುವ ಹನ್ನೆರಡು ಹಂತಗಳನ್ನು ಓದುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಹೆಸರು ಹೇಳಿ, "ನಾನೊಬ್ಬ ಆಲ್ಕೊಹಾಲಿಕ್" ಎಂದು ಹೇಳಿ ಮಾತು ಶುರು ಮಾಡುತ್ತಾರೆ. ಇದಕ್ಕೆ ಶೇರಿಂಗ್ ಎನ್ನುತ್ತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಇಲ್ಲದ ಪದ್ಧತಿ ಇದು, ರೂಢಿಯಾಗಲು ಹೊತ್ತು ಹಿಡಿಯುತ್ತದೆ.

ನಿಮ್ಮ ಸರದಿ ಬಂದಾಗ ಹೆಸರು ಹೇಳಿ "ಇವತ್ತು ಕೇಳಿಸ್ಕೊಳ್ತೀನಿ" ಎಂದರೆ ಮುಗಿಯಿತು. ನಿಜವಾದ ಹೆಸರೇ ಬೇಕೆಂದಿಲ್ಲ. ಮನೆತನ, ಜಾತಿ, ಕೆಲಸ ಯಾರೂ ಕೇಳುವ ಹಾಗಿಲ್ಲ. ಕೇಳಿದರೆ ಹೇಳಬೇಕಿಲ್ಲ.

ಚೀಲವೋ ಡಬ್ಬಿಯೋ ಕೈಯಿಂದ ಕೈಗೆ ಬರುತ್ತದೆ. ಬಾಡಿಗೆ, ಟೀ, ಪುಸ್ತಕದ ಖರ್ಚಿಗೆ ಹತ್ತೋ ಇಪ್ಪತ್ತೋ ಹಾಕುತ್ತಾರೆ. ಹೊಸಬರು ಹಾಕಬೇಕಿಲ್ಲ. ಹೊರಗಿನವರ ದೇಣಿಗೆಯನ್ನು ಎ.ಎ. ತೆಗೆದುಕೊಳ್ಳುವುದಿಲ್ಲ. ಹಾಗಾಗಿಯೇ ಟೀ ಸ್ವಲ್ಪ ನೀರು.

ಹೊಸಬರು ಮಾಡುವ ತಪ್ಪು ಒಂದಿದೆ. ಬೇರೆಯವರ ಕಥೆ ಕೇಳುತ್ತಾ ತಾಳೆ ಹಾಕುವುದು. "ಅವರು ಕೆಲಸ ಕಳ್ಕೊಂಡಿದ್ದಾರೆ, ನಾನು ಕಳ್ಕೊಂಡಿಲ್ಲ. ಅವರ ಹೆಂಡತಿ ಬಿಟ್ಟುಹೋಗಿದ್ದಾರೆ, ನನ್ನವಳು ಇದ್ದಾಳೆ. ಹಾಗಾದ್ರೆ ನಾನು ಅಷ್ಟು ಕುಡುಕ ಅಲ್ಲ." ಹೀಗೆ ಲೆಕ್ಕ ಹಾಕಿದರೆ ಯಾವ ಕೋಣೆಯಲ್ಲೂ ನಿಮ್ಮಂಥವರು ಸಿಗುವುದಿಲ್ಲ. ಬೆಳಿಗ್ಗೆ ಎದ್ದಾಗ ರಾತ್ರಿ ಏನು ಮಾಡಿದೆ ಎಂದು ಹೆಂಡತಿಯ ಮುಖ ನೋಡಿ ಊಹಿಸುವುದು, ಬಚ್ಚಲಲ್ಲಿ ಬಾಟಲಿ ಬಚ್ಚಿಡುವುದು, ಇಂಥವುಗಳಿಗೆ ಕಿವಿ ಕೊಡಿ.

ಇನ್ನೊಂದು ಮಾತು. ಇಲ್ಲಿ ಕೇಳಿದ್ದು ಇಲ್ಲೇ ಇರಲಿ ಎಂಬುದು ನಿಯಮ. ಹೆಚ್ಚಿನವರು ಪಾಲಿಸುತ್ತಾರೆ. ಆದರೆ ಇದು ಗುಂಪಿನ ಮಾತೇ ಹೊರತು ಕಾನೂನಿನ ಬೀಗವಲ್ಲ. ಪೊಲೀಸು, ಕೋರ್ಟಿನ ತನಕ ಹೋಗಬಹುದಾದ ವಿಷಯವಿದ್ದರೆ ಕೋಣೆಯಲ್ಲಿ ಬಿಚ್ಚಬೇಡಿ. ಅದಕ್ಕೆ ವಕೀಲರಿದ್ದಾರೆ.

ಹಂತ 7: ಮುಗಿದ ಮೇಲಿನ ಹತ್ತು ನಿಮಿಷ

ಮೀಟಿಂಗ್ ಮುಗಿದ ತಕ್ಷಣ ಚಪ್ಪಲಿ ಹಾಕಿ ಓಡುವವರು ಮತ್ತೆ ಬರುವುದು ಕಮ್ಮಿ. ಹತ್ತು ನಿಮಿಷ ನಿಲ್ಲಿ. ನೋಟ್‌ಬುಕ್ ತೆಗೆದು ಮೂವರ ನಂಬರು ಬರೆದುಕೊಳ್ಳಿ. ಹೆಂಗಸರು ಹೆಂಗಸರ ನಂಬರನ್ನು, ಗಂಡಸರು ಗಂಡಸರ ನಂಬರನ್ನು. ಅವತ್ತೇ ರಾತ್ರಿ ಮಲಗುವ ಮುಂಚೆ ಒಬ್ಬರಿಗೆ ಫೋನ್ ಮಾಡಿ "ಮನೆ ತಲುಪಿದೆ" ಎನ್ನಿ. ಸುಮ್ನೆ ಅಷ್ಟೇ. ಯಾಕೆಂದರೆ ನಿಜವಾಗಿ ಕುಡಿಯಬೇಕು ಅನಿಸಿದಾಗ ಮೊದಲ ಸಲ ಫೋನ್ ಮಾಡುವುದು ಬಹಳ ಕಷ್ಟ. ಒಮ್ಮೆ ಮಾಡಿದ ನಂಬರಿಗೆ ಎರಡನೇ ಸಲ ಕೈ ಹೋಗುತ್ತದೆ.

ಹಂತ 8: ಆರು ಮೀಟಿಂಗ್ ಆಗುವ ತನಕ ತೀರ್ಪು ಬೇಡ

ಒಂದೊಂದು ಗುಂಪಿಗೆ ಒಂದೊಂದು ಗುಣ. ಒಂದರಲ್ಲಿ ಮುದುಕರೇ ಜಾಸ್ತಿ, ಇನ್ನೊಂದರಲ್ಲಿ ಒಬ್ಬರೇ ಅರ್ಧ ಗಂಟೆ ಕೊರೆಯುತ್ತಾರೆ, ಮತ್ತೊಂದರಲ್ಲಿ ನಗು. ಬರೆದಿಟ್ಟುಕೊಂಡ ಮೂರಕ್ಕೂ ಎರಡೆರಡು ಸಲ ಹೋಗಿ, ಆಮೇಲೆ ಹೇಳಿ. ಎ.ಎ.ಯಲ್ಲಿ 90 ದಿನಕ್ಕೆ 90 ಮೀಟಿಂಗ್ ಎಂಬ ಮಾತಿದೆ. ದೊಡ್ಡ ಊರಿನಲ್ಲಿ ಮಾಡಬಹುದು. ತಾಲ್ಲೂಕಿನಲ್ಲಿ ವಾರಕ್ಕೊಂದೇ ಮೀಟಿಂಗ್ ಇದ್ದರೆ ಉಳಿದ ದಿನ ಆನ್‌ಲೈನ್ ಮೀಟಿಂಗ್, ಇಲ್ಲವೇ ಆ ನೋಟ್‌ಬುಕ್ಕಿನ ನಂಬರುಗಳು. ದುಬೈಗೋ ಅಮೆರಿಕಕ್ಕೋ ಹೋಗಿ ಕನ್ನಡ ಕೇಳದೆ ಕೂತವರಿಗೂ ಆನ್‌ಲೈನ್ ಮೀಟಿಂಗೇ ದಾರಿ.

ದೇವರ ವಿಷಯ ಬಂದೇ ಬರುತ್ತದೆ. ಹನ್ನೆರಡು ಹಂತಗಳಲ್ಲಿ "ನಾವು ಅರ್ಥ ಮಾಡಿಕೊಂಡಂಥ ದೇವರು" ಎಂಬ ಮಾತಿದೆ. ನಮ್ಮಲ್ಲಿ ಮಂಜುನಾಥ ಎನ್ನುವವರು, ಅಲ್ಲಾಹು, ಯೇಸು ಎನ್ನುವವರು ಎಲ್ಲ ಇದ್ದಾರೆ. ಒಬ್ಬರು ಈ ಗುಂಪೇ ನನ್ನ ದೇವರು ಎನ್ನುತ್ತಾರೆ. ನಂಬಿಕೆ ಇಲ್ಲದಿದ್ದರೆ ಆ ಭಾಗ ಬಿಟ್ಟು ಉಳಿದದ್ದು ತೆಗೆದುಕೊಳ್ಳಿ.

ಸ್ಪಾನ್ಸರ್ ಅಂದರೆ ನಿಮಗಿಂತ ಮುಂಚೆ ಬಿಟ್ಟು, ನಿಮಗೆ ದಾರಿ ತೋರಿಸುವವರು. ಅವಸರ ಬೇಡ. ಯಾರ ಮಾತು ಕೇಳಿದಾಗ ಮನಸ್ಸು ಹಗುರಾಗುತ್ತದೋ ನೋಡಿಟ್ಟುಕೊಳ್ಳಿ. ಆಮೇಲೆ ನೀವೇ ಹೋಗಿ ಕೇಳಬೇಕು, ಅವರಾಗಿ ಬರುವುದಿಲ್ಲ.

ಮಾತ್ರೆ ಮಾತ್ರ ಡಾಕ್ಟರು ಹೇಳಿದ ಹಾಗೆ. "ಮೀಟಿಂಗಿಗೆ ಬರ್ತಿದ್ದೀಯ, ಮಾತ್ರೆ ಬಿಡು" ಎಂದು ಯಾರಾದರೂ ಹೇಳಿದರೆ ಅದು ಅವರ ಸ್ವಂತ ಬುದ್ಧಿ, ಎ.ಎ.ಯದ್ದಲ್ಲ. ಮಾತ್ರೆ ಏರಿಸುವುದು, ಇಳಿಸುವುದು ಸದಸ್ಯರ ಕೆಲಸವಲ್ಲ.

ಹಂತ 9: ಕಾಲು ಜಾರಿದರೆ

ಅದಕ್ಕೆ ನಮ್ಮಲ್ಲಿ ಸ್ಲಿಪ್ ಎನ್ನುತ್ತಾರೆ. ತೋಟದ ಮನೆಯ ಬಾಡೂಟ, ತಂಗಿ ಮದುವೆ, ಎಲೆಕ್ಷನ್ ಸಮಯದ ಪುಕ್ಕಟೆ ಬಾಟಲಿ, ಏನೋ ಒಂದು. ಆದ ಮೇಲೆ ಹೋಗಲು ಮುಖವಿಲ್ಲ ಎಂದು ತಿಂಗಳುಗಟ್ಟಲೆ ತಪ್ಪಿಸಿಕೊಳ್ಳುತ್ತಾರೆ. ಒಂದು ರಾತ್ರಿಯದ್ದು ಒಂದು ವರ್ಷದ್ದಾಗುವುದು ಹೀಗೆ. ಮರುದಿನದ ಮೀಟಿಂಗಿಗೇ ಹೋಗಿ, "ನಿನ್ನೆ ಕುಡಿದೆ" ಎನ್ನಿ. ಯಾರೂ ಹುಬ್ಬು ಏರಿಸುವುದಿಲ್ಲ. ದಿನದ ಲೆಕ್ಕ ಒಂದರಿಂದ ಶುರು.

ಒಂದು ರಾತ್ರಿಗೆ ನಿಲ್ಲದೆ ವಾರಗಟ್ಟಲೆ ದಿನಾ ಕುಡಿದಿದ್ದರೆ ಮತ್ತೆ ಹಂತ 1ಕ್ಕೆ. ಡಾಕ್ಟರು ಮೊದಲು.

ಮನೆಯವರಿಗೆ

ನೀವು ಹೊತ್ತುಕೊಂಡು ಹೋಗಿ ಕೂರಿಸಲು ಆಗುವುದಿಲ್ಲ. ನಿಮಗೇ ಬೇರೆ ಮೀಟಿಂಗ್ ಇದೆ, ಹೆಸರು ಅಲ್-ಅನಾನ್. ಕುಡಿಯುವವರು ಬರಲಿ ಬಿಡಲಿ, ನೀವು ಹೋಗಬಹುದು.

ದಯವಿಟ್ಟು ಇದೊಂದು ಮಾಡಬೇಡಿ. "ಗೊತ್ತಿಲ್ಲದಂತೆ ಕುಡಿತ ಬಿಡಿಸಿ" ಎಂದು ಬಸ್‌ಸ್ಟ್ಯಾಂಡಿನ ಗೋಡೆ ಮೇಲೆ ಬರೆದಿರುತ್ತದಲ್ಲ, ಆ ಪುಡಿಯನ್ನು ಸಾರಿಗೆ, ಮಜ್ಜಿಗೆಗೆ ಹಾಕಬೇಡಿ. ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಡಾಕ್ಟರೇ ಬರೆದುಕೊಡುವುದುಂಟು. ಅದೂ ಕೂಡ ತೆಗೆದುಕೊಳ್ಳುವವರಿಗೆ ಗೊತ್ತಿದ್ದೇ ತೆಗೆದುಕೊಳ್ಳಬೇಕಾದ್ದು. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿ.ಪಿ. ಕುಸಿದು ಪ್ರಾಣಕ್ಕೇ ಬರಬಹುದು. ನಿಲ್ಲಿಸಿದ ಮೇಲೂ ಎರಡು ವಾರದ ತನಕ ಈ ಅಪಾಯ ಇರುತ್ತದೆ.

ಇಲ್ಲಿಂದ ಎದ್ದು ಬನ್ನಿ ಎನ್ನುವ ಸೂಚನೆಗಳು

ಸೇರುವುದಕ್ಕೆ ದುಡ್ಡು ಕೇಳಿದರೆ ಅದು ಎ.ಎ. ಅಲ್ಲ. ಗುಂಪಿನಲ್ಲಿ ಯಾರಾದರೂ ಸಾಲ ಕೇಳಿದರೆ, ಚೀಟಿ, ಇನ್ಶೂರೆನ್ಸು, ಸೈಟು ಮಾರಲು ಬಂದರೆ ಕೈಮುಗಿದು ದೂರ ಸರಿಯಿರಿ. ಹೊಸದಾಗಿ ಬಂದ ಹೆಣ್ಣುಮಗಳಿಗೆ ರಾತ್ರಿ ಹೊತ್ತು ಮೆಸೇಜ್ ಮಾಡುವವರಿದ್ದರೆ ಗುಂಪಿನ ಹಿರಿಯರಿಗೆ ಹೇಳಿ. ಅವರೂ ಕೇಳದಿದ್ದರೆ ಗುಂಪು ಬದಲಿಸಿ. ಗಂಭೀರವಾದರೆ ಪೊಲೀಸರಿಗೆ ಹೇಳಲು ಎ.ಎ.ಯ ಯಾವ ನಿಯಮವೂ ಅಡ್ಡಿಯಲ್ಲ.

ಅಡ್ಮಿಟ್ ಮಾಡಿಕೊಳ್ಳುವ ಕೇಂದ್ರಗಳ ವಿಷಯದಲ್ಲಿ ಇನ್ನೂ ಹುಷಾರು. ಮನೆಯವರನ್ನು ಭೇಟಿಗೆ ಬಿಡುವುದಿಲ್ಲ ಎಂದರೆ, ಮನೋವೈದ್ಯರು ಯಾರು ಎಂದು ಕೇಳಿದಾಗ ತಡವರಿಸಿದರೆ, ನೋಂದಣಿ ಪತ್ರ ತೋರಿಸದಿದ್ದರೆ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಇಂಥ ಕೇಂದ್ರಗಳಿಗೆ ನೋಂದಣಿ ಕಡ್ಡಾಯ. ಹೊಡೆಯುವುದು, ಕಟ್ಟಿಹಾಕುವುದು ಚಿಕಿತ್ಸೆಯಲ್ಲ, ಅಪರಾಧ. ನನ್ನನ್ನು ಒಮ್ಮೆ ಇಂಥ ಒಂದು ಕಡೆ ಹಾಕಿದ್ದರು. ಹೊರಗೆ ಬಂದ ಸಂಜೆಯೇ ಕುಡಿದೆ.

ಹಂತ 10: ಒಂದು ಕೆಲಸ ಕೇಳಿ

ಒಂದು ತಿಂಗಳು ಕಳೆದ ಮೇಲೆ ಗುಂಪಿನಲ್ಲಿ ಏನಾದರೂ ಕೆಲಸ ಕೊಡಿ ಎಂದು ಕೇಳಿ. ಕುರ್ಚಿ ಹಾಕುವುದು, ಲೋಟ ತೊಳೆಯುವುದು, ಹಾಲು ತರುವುದು. "ಇವತ್ತು ಬೇಡ, ನಾಳೆ ಹೋಗೋಣ" ಎಂದು ತಲೆ ಹೇಳುವ ದಿನ, ಹಾಲಿನ ಪ್ಯಾಕೆಟ್ ನಿಮ್ಮ ಕೈಯಲ್ಲಿದ್ದರೆ ಹೋಗಲೇಬೇಕಾಗುತ್ತದೆ. ಮೀಟಿಂಗಿಗೆ ಅಲ್ಲದಿದ್ದರೂ ಹಾಲಿಗಾಗಿ ಹೋದ ಸಂಜೆಗಳು ನನ್ನ ಲೆಕ್ಕದಲ್ಲಿ ಬಹಳ ಇವೆ.

ನಮ್ಮ ಗುಂಪಿನಲ್ಲಿ ಇನ್ನೊಂದು ಕೆಲಸವಿದೆ. ಆರೂಕಾಲಿಗೆ ಒಬ್ಬರು ಗೇಟಿನ ಹತ್ತಿರ ನಿಲ್ಲುತ್ತಾರೆ. ಫೋನಿನಲ್ಲಿ ಏನೋ ನೋಡುವವರ ಹಾಗೆ ಗೇಟು ದಾಟಿ ಮುಂದೆ ಹೋಗಿ, ಮತ್ತೆ ತಿರುಗಿ ಬಂದು, ಮತ್ತೆ ದಾಟಿ ಹೋಗುವವರು ಕಂಡರೆ ಹತ್ತಿರ ಹೋಗಿ "ಒಳಗೆ ಟೀ ಇದೆ, ಬನ್ನಿ" ಎನ್ನಬೇಕು. ಈ ತಿಂಗಳು ಆ ಕೆಲಸ ನನ್ನದು.